ಉಡುತಡಿಯಿಂದ ಕದಳಿಗೆ: ಅಕ್ಕಮಹಾದೇವಿ

ನನ್ನ ವಿಷಯ ಭೌತಶಾಸ್ತ್ರ ಮತ್ತು ಗಣಿತ. ಅಭ್ಯಾಸ ಬೋಧನೆಗೆ ಹೊಳಲ್ಕೆರೆ ತಾಲ್ಲೂಕಿನ ಒಂದು ಪ್ರೌಢಶಾಲೆಗೆ ಹೋಗಿದ್ದಾಗ ಕನ್ನಡ ಮೇಷ್ಟ್ರು ರಜೆಯಲ್ಲಿದ್ದ ದಿನ ಒಂಬತ್ತನೇ ತರಗತಿಯ ಖಾಲಿ ಪೀರಿಯಡ್ ನನ್ನ ಪಾಲಿಗೆ ಬಂತು. ವಚನಕಾರರ ಬಗ್ಗೆ ಏನಾದರೂ ಹೇಳಿ ಮಿಸ್ ಎಂದರು ಮಕ್ಕಳು. ಅಕ್ಕಮಹಾದೇವಿಯ ಕಥೆ ಶುರುಮಾಡಿದೆ. ಎರಡೇ ನಿಮಿಷಕ್ಕೆ ಒಬ್ಬ ಹುಡುಗಿ ಎದ್ದು, ಅಕ್ಕನಿಗೆ ಮದುವೆ ಆಗಿತ್ತಾ ಎಂದು ಕೇಳಿದಳು.

ಆ ಪ್ರಶ್ನೆಗೆ ನಮ್ಮ ಕವಿಗಳೇ ಎರಡು ಉತ್ತರ ಕೊಟ್ಟಿದ್ದಾರೆ. ಅಕ್ಕ ಹನ್ನೆರಡನೆಯ ಶತಮಾನದವಳು. ಹುಟ್ಟಿದ್ದು ಉಡುತಡಿಯಲ್ಲಿ, ಅಂದರೆ ಈಗಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ. ನಮ್ಮ ಜಿಲ್ಲೆಯಿಂದ ದೂರದ ಊರೇನಲ್ಲ. ಚಿಕ್ಕಂದಿನಲ್ಲೇ ಚೆನ್ನಮಲ್ಲಿಕಾರ್ಜುನನನ್ನು ತನ್ನ ಗಂಡನೆಂದು ನಂಬಿದಳು. ಅಷ್ಟರಲ್ಲಿ ಊರಿನ ಅರಸ ಕೌಶಿಕನ ಕಣ್ಣು ಅವಳ ಮೇಲೆ ಬಿತ್ತು. ಅರಸ ಕೇಳಿದರೆ ಹೆತ್ತವರು ಏನು ಮಾಡಿಯಾರು? ಹೆದರಿದರು.

ಮಹಾದೇವಿಯಕ್ಕನ ರಗಳೆ ಬರೆದ ಹರಿಹರನ ಪ್ರಕಾರ ಮದುವೆ ನಡೆಯಿತು, ಆದರೆ ಕರಾರಿನ ಮೇಲೆ. ಶಿವಪೂಜೆಗೆ, ಶರಣರ ಸಂಗಕ್ಕೆ, ಗುರುವಿನ ಸೇವೆಗೆ ಅವಳ ಇಚ್ಛೆಯೇ ಕೊನೆ. ಅರಸನ ಮೂರು ತಪ್ಪುಗಳನ್ನು ಮಾತ್ರ ಸಹಿಸುತ್ತಾಳೆ. ಅವನು ಒಪ್ಪಿದ, ಮೂರು ಸಲವೂ ಮಾತು ಮುರಿದ. ಅವಳು ಲೆಕ್ಕ ಇಟ್ಟಿದ್ದಳು. ಅರಮನೆ ಬಿಟ್ಟು ಹೊರಟಳು. ಹದಿನೈದನೆಯ ಶತಮಾನದ ಚಾಮರಸ ತನ್ನ ಪ್ರಭುಲಿಂಗಲೀಲೆಯಲ್ಲಿ ಈ ಮದುವೆಯನ್ನೇ ಒಪ್ಪುವುದಿಲ್ಲ. ಅವನ ಮಹಾದೇವಿ ಕೌಶಿಕನ ಹೆಂಡತಿ ಆಗುವುದೇ ಇಲ್ಲ. ನನಗೆ ಹರಿಹರನ ಕಥೆಯೇ ಹೆಚ್ಚು ಹಿಡಿಸುತ್ತದೆ. ಅಪ್ಪ ಅಮ್ಮನ ಮುಖ ನೋಡಿ ಒಪ್ಪಿಕೊಂಡ ಹುಡುಗಿ, ಒಪ್ಪಿದ ಮೇಲೂ ಹೊರಗೆ ಬರಬಹುದು ಎಂಬುದು ಅದರಲ್ಲಿದೆ.

ಉಟ್ಟ ಸೀರೆಯನ್ನೂ ಬಿಟ್ಟು, ಕೂದಲನ್ನೇ ಹೊದ್ದು ನಡೆದಳು ಎನ್ನುತ್ತಾರೆ. ಇದನ್ನು ತರಗತಿಯಲ್ಲಿ ಹೇಗೆ ಹೇಳುವುದು? ನಾನು ತಡವರಿಸಿದೆ, ಹಿಂದಿನ ಬೆಂಚಿನ ಹುಡುಗರು ಕಿಸಕ್ಕೆಂದರು. ಆಗ ಕಲ್ಯಾಣದ ಪ್ರಸಂಗ ನೆನಪಾಯಿತು. ಅನುಭವ ಮಂಟಪಕ್ಕೆ ಬಂದವಳನ್ನು ಅಲ್ಲಮಪ್ರಭು ಸುಲಭಕ್ಕೆ ಒಳಗೆ ಬಿಡಲಿಲ್ಲ. ನಿನ್ನ ಗಂಡ ಯಾರು ಎಂದು ಕೇಳಿದ. ಎಲ್ಲವನ್ನೂ ಬಿಟ್ಟವಳು ಕೂದಲಿನಿಂದ ಮೈ ಮುಚ್ಚಿಕೊಂಡದ್ದೇಕೆ ಎಂದೂ ಕೇಳಿದ. ನೋಡುವ ನಿಮಗೆ ನೋವಾಗದಿರಲಿ ಎಂದು, ತನಗಾಗಿ ಅಲ್ಲ ಎಂಬರ್ಥದ ಉತ್ತರ ಕೊಟ್ಟಳು. ಇದನ್ನು ಹೇಳಿದ ಮೇಲೆ ಹಿಂದಿನ ಬೆಂಚು ಸುಮ್ಮನಾಯಿತು. ವಯಸ್ಸಿನಲ್ಲಿ ಕಿರಿಯಳಾದ ಅವಳನ್ನು ಬಸವಣ್ಣನಂಥ ಹಿರಿಯರೇ ಅಕ್ಕ ಎಂದು ಕರೆದರು.

ಹೆಚ್ಚುಕಡಿಮೆ ಅದೇ ಕಾಲಕ್ಕೆ ಇಟಲಿಯ ಅಸಿಸಿಯಲ್ಲೂ ಕೂದಲಿನ ಕಥೆಯೊಂದಿದೆ. 1212ರಲ್ಲಿ ಕ್ಲಾರಾ ಎಂಬ ಸಿರಿವಂತರ ಮನೆಯ ಹುಡುಗಿ ರಾತ್ರಿ ಮನೆಬಿಟ್ಟು ಬಂದಳು, ಸಂತ ಫ್ರಾನ್ಸಿಸ್ ಅವಳ ಕೂದಲು ಕತ್ತರಿಸಿದ. ವಾಪಸು ಕರೆದೊಯ್ಯಲು ಬಂದ ನೆಂಟರಿಗೆ ಅವಳು ಬೋಳು ತಲೆಯನ್ನು ತೋರಿಸಿದಳು, ಅವರು ಸೋತು ಹಿಂದಿರುಗಿದರು. ಒಬ್ಬಳು ಕೂದಲು ಕತ್ತರಿಸಿಕೊಂಡಳು, ಇನ್ನೊಬ್ಬಳು ಅದನ್ನೇ ಹೊದ್ದಳು. ಕ್ಲಾರಾಳಿಗೆ ಮುಂದೆ ಮಠ ಸಿಕ್ಕಿತು, ಜೊತೆಗೆ ಸನ್ಯಾಸಿನಿಯರು ಸೇರಿದರು. ಅಕ್ಕ ಕಲ್ಯಾಣದಲ್ಲೂ ನಿಲ್ಲಲಿಲ್ಲ. ಶ್ರೀಶೈಲದ ಕಾಡುದಾರಿ ಹಿಡಿದಳು, ಹಸಿವಿಗೆ ಭಿಕ್ಷೆ, ನಿದ್ದೆಗೆ ಹಾಳು ದೇಗುಲ. ಗಿಡ, ಹಕ್ಕಿ, ದುಂಬಿಗಳನ್ನೇ ಚೆನ್ನಮಲ್ಲಿಕಾರ್ಜುನನ ಸುಳಿವು ಕೇಳುತ್ತ ನಡೆದು, ಕದಳಿಯಲ್ಲಿ ಐಕ್ಯಳಾದಳು ಎಂದು ಶರಣರು ನಂಬುತ್ತಾರೆ. ಆಕೆಯ 400ಕ್ಕೂ ಹೆಚ್ಚು ವಚನಗಳೂ ತ್ರಿಪದಿಯಲ್ಲಿರುವ ಯೋಗಾಂಗ ತ್ರಿವಿಧಿಯೂ ಉಳಿದಿವೆ. ವಿಜಯಪುರದ ಮಹಿಳಾ ವಿಶ್ವವಿದ್ಯಾಲಯಕ್ಕೆ 2017ರಲ್ಲಿ ಅವಳ ಹೆಸರಿಟ್ಟರು.

ನಾನು ಇಷ್ಟು ಹೇಳುವ ಹೊತ್ತಿಗೆ ಬೆಲ್ ಹೊಡೆಯಿತು. ಮೊದಲು ಪ್ರಶ್ನೆ ಕೇಳಿದ ಹುಡುಗಿ ಬಾಗಿಲ ಹತ್ತಿರ ಕಾಯುತ್ತಿದ್ದಳು. ಅವಳಕ್ಕನಿಗೆ ಎಸ್‌ಎಸ್‌ಎಲ್‌ಸಿ ಮುಗಿಯುತ್ತಲೇ ಗಂಡು ನೋಡಿದ್ದಾರಂತೆ. ಅರಸ ಎರಡೇ ತಪ್ಪು ಮಾಡಿ ಸುಮ್ಮನಾಗಿದ್ದರೆ ಅಕ್ಕ ಅಲ್ಲೇ ಇರಬೇಕಿತ್ತಾ ಮಿಸ್, ಎಂದು ಕೇಳಿದಳು. ನನ್ನ ಪಾಠ ಯೋಜನೆಯಲ್ಲಿ ಅದಕ್ಕೆ ಜಾಗ ಇರಲಿಲ್ಲ. ಮಾರನೆಯ ದಿನ ಅವಳನ್ನು ಕರೆದುಕೊಂಡು ಮುಖ್ಯೋಪಾಧ್ಯಾಯರ ಕೋಣೆಗೆ ಹೋದೆ.