ಫ್ರಾಂಕ್ಲಿನ್ ಮನೆಯ ನಾಲ್ಕು ವರ್ಷದ ಹುಡುಗ

ಬೆಂಜಮಿನ್ ಫ್ರಾಂಕ್ಲಿನ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಗಾಳಿಪಟ. 1752ರಲ್ಲಿ ಗುಡುಗು ಮೋಡದ ಕೆಳಗೆ ಪಟ ಹಾರಿಸಿ, ದಾರಕ್ಕೆ ಬೀಗದ ಕೈ ಕಟ್ಟಿ, ಮಿಂಚೂ ವಿದ್ಯುತ್ತೇ ಅಂತ ತೋರಿಸಿದ ಮನುಷ್ಯ. ನಮ್ಮ ಎಲೆಕ್ಟ್ರಿಕಲ್ ಬ್ರಾಂಚಿನವರಿಗೆ ಅವನ ಮೇಲೆ ಸಣ್ಣ ಸಿಟ್ಟೂ ಇದೆ. ಚಾರ್ಜಿಗೆ ಪ್ಲಸ್ಸು, ಮೈನಸ್ಸು ಅಂತ ಹೆಸರಿಟ್ಟವನು ಅವನೇ. ಎಲೆಕ್ಟ್ರಾನು ಹರಿಯೋ ದಿಕ್ಕು ಒಂದು, ನಾವು ಸರ್ಕ್ಯೂಟಿನಲ್ಲಿ ಬಾಣ ಹಾಕೋ ದಿಕ್ಕು ಇನ್ನೊಂದು ಆಗಿರೋದರ ಮೂಲ ಅಲ್ಲಿದೆ. ಕಟ್ಟಡಗಳ ನೆತ್ತಿಯ ಮೇಲೆ ನಿಂತಿರೋ ಲೈಟ್ನಿಂಗ್ ಅರೆಸ್ಟರೂ ಅವನ ತಲೆಯಿಂದ ಬಂದದ್ದೇ.

ಈ ಸಂಚಿಕೆಯಲ್ಲಿ ನಾವು ಹೇಳಹೊರಟಿರೋದು ಆ ಫ್ರಾಂಕ್ಲಿನ್ ಕಥೆಯಲ್ಲ, ಅಪ್ಪನಾಗಿದ್ದ ಫ್ರಾಂಕ್ಲಿನ್ ಕಥೆ. ಸಿಡಿಲಿನಿಂದ ಊರವರ ಮನೆ ಉಳಿಸೋ ದಾರಿ ಕಂಡವನು, ಅದಕ್ಕೂ ಮುಂಚೆ ತನ್ನ ಮನೆಯಲ್ಲೇ ಒಂದು ಮಗುವನ್ನು ಉಳಿಸಿಕೊಳ್ಳಲಾಗದೆ ಹೋದ. ಮಗುವಿಗೆ ಚುಚ್ಚುಮದ್ದು ಹಾಕಿಸೋಣವೋ ಬೇಡವೋ ಅಂತ ಅಪ್ಪ ಅಮ್ಮ ಇವತ್ತಿಗೂ ಜಗಳ ಆಡ್ತಾರಲ್ಲ, ಆ ಜಗಳದ ಒಳಗುಟ್ಟನ್ನು ಅವನಷ್ಟು ಚೆನ್ನಾಗಿ ಕಂಡವರು ಕಡಿಮೆ. ಅದಕ್ಕೆ ಅವನು ಕೊಟ್ಟ ಬೆಲೆ ಮಾತ್ರ ತುಂಬ ದೊಡ್ಡದು.

ಫ್ರಾಂಕ್ಲಿನ್ ಹುಟ್ಟಿದ್ದು 1706ರ ಜನವರಿ 17ರಂದು, ಬಾಸ್ಟನ್ನಿನಲ್ಲಿ. ಅಪ್ಪ ಮೇಣದಬತ್ತಿ, ಸೋಪು ಮಾಡಿ ಮಾರುತ್ತಿದ್ದ. ಮನೆಯಲ್ಲಿ ಒಟ್ಟು ಹದಿನೇಳು ಮಕ್ಕಳು, ಇವನು ಹದಿನೈದನೆಯವನು. ಓದಿಸೋ ಶಕ್ತಿ ಇರಲಿಲ್ಲ. ಹನ್ನೆರಡನೇ ವಯಸ್ಸಿಗೆ ಅಣ್ಣ ಜೇಮ್ಸನ ಛಾಪಖಾನೆಗೆ ಕೆಲಸ ಕಲಿಯಲು ಸೇರಿಸಿದರು. ಅಲ್ಲಿ ಮೊಳೆ ಜೋಡಿಸುವುದು, ಅಚ್ಚು ಹಾಕುವುದು, ಮನೆಮನೆಗೆ ಪತ್ರಿಕೆ ಹಂಚುವುದು ಅವನ ಪಾಲಿನ ಕೆಲಸ.

1721ರಲ್ಲಿ ಬಾಸ್ಟನ್ನಿಗೆ ಸಿಡುಬು ಬಂತು. ಊರಿನ ಜನಸಂಖ್ಯೆ ಸುಮಾರು 11,000. ಅದರಲ್ಲಿ 5,889 ಜನಕ್ಕೆ ಕಾಯಿಲೆ ತಗುಲಿ, 844 ಮಂದಿ ಸತ್ತರು. ಕಾಯಿಲೆ ಬಿದ್ದ ಏಳು ಜನರಲ್ಲಿ ಒಬ್ಬರು ಹೋದ ಲೆಕ್ಕ. ಉಳಿದವರಲ್ಲಿ ಅನೇಕರಿಗೆ ಮುಖದ ತುಂಬ ಕುಳಿ, ಕೆಲವರಿಗೆ ಕಣ್ಣೇ ಇಲ್ಲ.

ಆಗ ಊರಿನ ಪಾದ್ರಿ ಕಾಟನ್ ಮೇಥರ್ ಒಂದು ಉಪಾಯ ಮುಂದಿಟ್ಟ. ಅದನ್ನು ಅವನು ಕಲಿತದ್ದು ತನ್ನ ಮನೆಯಲ್ಲಿ ಗುಲಾಮನಾಗಿದ್ದ ಒನೆಸಿಮಸ್ ಎಂಬ ಆಫ್ರಿಕಾದವನಿಂದ. ಸಿಡುಬು ಬಂದವರ ಗುಳ್ಳೆಯಿಂದ ಸ್ವಲ್ಪ ಕೀವು ತೆಗೆದು, ಆರೋಗ್ಯವಾಗಿರುವವರ ತೋಳಿನಲ್ಲಿ ಸಣ್ಣ ಗೀರು ಹಾಕಿ ಅದರೊಳಗೆ ಇಡುವುದು. ಜ್ವರ ಬರುತ್ತೆ, ಒಂದಷ್ಟು ಗುಳ್ಳೆ ಏಳುತ್ತೆ, ಆದರೆ ಸಾಮಾನ್ಯವಾಗಿ ಕಾಯಿಲೆ ಹಗುರವಾಗಿ ಬಂದು ಹೋಗುತ್ತೆ. ಆಮೇಲೆ ಜೀವಮಾನದಲ್ಲಿ ಸಿಡುಬಿನ ಭಯವಿಲ್ಲ. ಇದಕ್ಕೆ ಇನಾಕ್ಯುಲೇಷನ್ ಅಂತ ಹೆಸರು. ಇವತ್ತಿನ ಲಸಿಕೆ ಇದಲ್ಲ, ಅದಿನ್ನೂ ಹುಟ್ಟಿರಲಿಲ್ಲ. ಇದು ನಿಜವಾದ ಸಿಡುಬನ್ನೇ ಕೈಯಾರೆ ಮೈಗೆ ಹತ್ತಿಸಿಕೊಳ್ಳೋ ವಿದ್ಯೆ.

ಊರಿನ ವೈದ್ಯರಲ್ಲಿ ಇದಕ್ಕೆ ಒಪ್ಪಿದವನು ಜಾಬ್ಡಿಯಲ್ ಬಾಯ್ಲ್‌ಸ್ಟನ್. ಮೊದಲು ಗೀರು ಹಾಕಿದವರಲ್ಲಿ ಅವನ ಆರು ವರ್ಷದ ಮಗನೂ ಇದ್ದ. ಊರಿಗೆ ಊರೇ ಸಿಡಿದೆದ್ದಿತು. ನವೆಂಬರಿನಲ್ಲಿ ಮೇಥರನ ಮನೆಯೊಳಕ್ಕೆ ಯಾರೋ ಬಾಂಬು ಎಸೆದರು, ಪುಣ್ಯಕ್ಕೆ ಸಿಡಿಯಲಿಲ್ಲ. ಕೊನೆಗೆ ಲೆಕ್ಕ ನೋಡಿದರೆ, ಗೀರು ಹಾಕಿಸಿಕೊಂಡ ಸುಮಾರು 240 ಜನರಲ್ಲಿ ಸತ್ತವರು ಆರು. ಏಳರಲ್ಲಿ ಒಂದು ಎಲ್ಲಿ, ನಲವತ್ತರಲ್ಲಿ ಒಂದು ಎಲ್ಲಿ!

ತಮಾಷೆ ಏನಂದ್ರೆ, ಆ ಗಲಾಟೆಯಲ್ಲಿ ಇನಾಕ್ಯುಲೇಷನ್ನನ್ನು ಹೀಗಳೆಯುತ್ತಿದ್ದ ಪತ್ರಿಕೆ ಜೇಮ್ಸ್ ಫ್ರಾಂಕ್ಲಿನ್ ಅದೇ ವರ್ಷ ಆಗಸ್ಟಿನಲ್ಲಿ ಶುರುಮಾಡಿದ ನ್ಯೂ ಇಂಗ್ಲೆಂಡ್ ಕೂರಂಟ್. ಹದಿನೈದರ ಹುಡುಗ ಬೆಂಜಮಿನ್ ಕೆಲಸ ಮಾಡುತ್ತಿದ್ದದ್ದು ಅದೇ ಛಾಪಖಾನೆಯಲ್ಲಿ.

ಎರಡು ವರ್ಷ ಕಳೆದ ಮೇಲೆ ಅಣ್ಣನ ಕಾಟ ತಾಳಲಾರದೆ ಫಿಲಡೆಲ್ಫಿಯಾಕ್ಕೆ ಓಡಿಹೋದ. ಅಲ್ಲಿ ಕಷ್ಟಪಟ್ಟು ಮೇಲೆ ಬಂದ. 1729ರಲ್ಲಿ ಪೆನ್ಸಿಲ್ವೇನಿಯಾ ಗೆಜೆಟ್ ಪತ್ರಿಕೆ ಅವನ ಕೈಗೆ ಬಂತು. 1730ರಲ್ಲಿ ಡೆಬೊರಾ ರೀಡ್ ಜೊತೆ ಸಂಸಾರ ಹೂಡಿದ. ಡೆಬೊರಾ ಗಟ್ಟಿಗಿತ್ತಿ. ಅಂಗಡಿ ನೋಡಿಕೊಳ್ಳುತ್ತಿದ್ದಳು, ಪುಸ್ತಕ ಹೊಲಿಯುತ್ತಿದ್ದಳು, ಮನೆಯನ್ನೂ ತೂಗಿಸುತ್ತಿದ್ದಳು. ಅಷ್ಟರಲ್ಲಿ ಫ್ರಾಂಕ್ಲಿನ್ ಮನಸ್ಸು ಪೂರ್ತಿ ಬದಲಾಗಿತ್ತು. 1731ರ ಹೊತ್ತಿಗೆ ಅವನ ಪತ್ರಿಕೆ ಇನಾಕ್ಯುಲೇಷನ್ ಪರವಾಗಿ ಬರೆಯುತ್ತಿತ್ತು. ಅಣ್ಣನ ಪತ್ರಿಕೆ ಹಳಿದದ್ದನ್ನು ತಮ್ಮನ ಪತ್ರಿಕೆ ಹೊಗಳಿತು.

1732ರ ಅಕ್ಟೋಬರಿನಲ್ಲಿ ಈ ದಂಪತಿಗೆ ಗಂಡು ಮಗು ಹುಟ್ಟಿತು. ಫ್ರಾನ್ಸಿಸ್ ಅಂತ ಹೆಸರು, ಮನೆಯಲ್ಲಿ ಕರೆಯುತ್ತಿದ್ದದ್ದು ಫ್ರಾಂಕಿ. ಚುರುಕು ಹುಡುಗ, ನೋಡಿದವರಿಗೆಲ್ಲ ಅಚ್ಚುಮೆಚ್ಚು. 1736ರಲ್ಲಿ ಸಿಡುಬು ಫಿಲಡೆಲ್ಫಿಯಾಕ್ಕೂ ಬಂತು. ಊರಿನಲ್ಲಿ ಕೆಲವರು ಮಕ್ಕಳಿಗೆ ಗೀರು ಹಾಕಿಸಿದರು. ಅದರ ಪರವಾಗಿ ಬರೆಯುತ್ತಿದ್ದ ಪತ್ರಿಕೆಯ ಸಂಪಾದಕನ ಮಗನಿಗೆ ಮಾತ್ರ ಹಾಕಿಸಿರಲಿಲ್ಲ. ನವೆಂಬರ್ 21ರಂದು ಫ್ರಾಂಕಿ ಸಿಡುಬಿನಿಂದ ತೀರಿಕೊಂಡ. ನಾಲ್ಕು ವರ್ಷ, ಒಂದು ತಿಂಗಳು.

ಮಗ ಹೋದ ದುಃಖದ ಮೇಲೆ ಇನ್ನೊಂದು ಪೆಟ್ಟು ಬಿತ್ತು. ಫ್ರಾಂಕ್ಲಿನ್ ಮಗ ಸತ್ತದ್ದು ಇನಾಕ್ಯುಲೇಷನ್ನಿಂದಲೇ ಅಂತ ಊರಲ್ಲಿ ಸುದ್ದಿ ಹಬ್ಬಿತು. ಅದನ್ನು ನಂಬಿದ ಬೇರೆ ಅಪ್ಪ ಅಮ್ಮಂದಿರು ಹಿಂದೆ ಸರಿಯಬಹುದಿತ್ತು. ಡಿಸೆಂಬರ್ 30ರ ತಾರೀಕು ಹಾಕಿ ಫ್ರಾಂಕ್ಲಿನ್ ತನ್ನ ಪತ್ರಿಕೆಯಲ್ಲೇ ಒಂದು ಹೇಳಿಕೆ ಅಚ್ಚು ಮಾಡಿಸಿದ. ಮಗನಿಗೆ ಗೀರು ಹಾಕಿಸಿರಲೇ ಇಲ್ಲ, ಕಾಯಿಲೆ ಎಲ್ಲರಿಗೂ ಬರುವ ಹಾಗೇ ಬಂದದ್ದು. ಹುಡುಗ ಬಹಳ ದಿನದಿಂದ ಭೇದಿಯಿಂದ ಬಳಲುತ್ತಿದ್ದ, ಚೇತರಿಸಿಕೊಂಡ ಕೂಡಲೇ ಹಾಕಿಸಬೇಕು ಅಂತಿದ್ದೆ ಅನ್ನುವುದು ಅದರ ಸಾರಾಂಶ. ಮಗನನ್ನು ಮಣ್ಣು ಮಾಡಿ ಆರು ವಾರವೂ ಆಗಿರಲಿಲ್ಲ. ಅಷ್ಟರಲ್ಲೇ ಊರಿನವರ ಮುಂದೆ ತನ್ನ ಮನೆಯ ಸಾವಿನ ವಿವರ ಬಿಡಿಸಿ ಹೇಳಬೇಕಾಯಿತು. ಮರುವರ್ಷ ಅದೇ ಪತ್ರಿಕೆಯಲ್ಲಿ ಊರಿನ ಲೆಕ್ಕವೂ ಬಂತು. ಆ ಸಲ ಗೀರು ಹಾಕಿಸಿಕೊಂಡವರು 129 ಮಂದಿ, ಅವರಲ್ಲಿ ಸತ್ತದ್ದು ಒಂದೇ ಒಂದು ಮಗು.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಲೆಕ್ಕ ಗೊತ್ತಿದ್ದವನು, ಬಾಸ್ಟನ್ನಿನ ಸಾವು ಕಣ್ಣಾರೆ ಕಂಡವನು, ಪತ್ರಿಕೆಯಲ್ಲಿ ಬರೆದವನು, ಇಂಥವನೇ ಯಾಕೆ ತಡಮಾಡಿದ? ಭೇದಿ ಒಂದು ಕಾರಣ, ಅವನೇ ಹೇಳಿದ್ದು. ಮೈಯಲ್ಲಿ ಶಕ್ತಿ ಇಲ್ಲದ ಮಗುವಿಗೆ ಗೀರು ಹಾಕಿಸುವುದು ಅಪಾಯ ಅಂತ ಆಗಿನವರೂ ತಿಳಿದಿದ್ದರು. ಆದರೆ ಇಪ್ಪತ್ತಮೂರು ವರ್ಷದ ನಂತರ ಅವನು ಬರೆದ ಒಂದು ಮುನ್ನುಡಿ ಓದಿದರೆ ಇನ್ನೊಂದು ಬಾಗಿಲು ತೆರೆದುಕೊಳ್ಳುತ್ತೆ.

1759ರಲ್ಲಿ ಫ್ರಾಂಕ್ಲಿನ್ ಲಂಡನ್ನಿನಲ್ಲಿದ್ದ. ಅಲ್ಲಿನ ಹೆಸರಾಂತ ವೈದ್ಯ ವಿಲಿಯಂ ಹೆಬರ್ಡನ್, ಇನಾಕ್ಯುಲೇಷನ್ ಹೇಗೆ ಮಾಡಬೇಕು ಅಂತ ಸಾಮಾನ್ಯ ಜನಕ್ಕೂ ತಿಳಿಯೋ ಹಾಗೆ ಒಂದು ಪುಟ್ಟ ಪುಸ್ತಕ ಬರೆದು, ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ, ಅಮೆರಿಕದಲ್ಲಿ ಪುಕ್ಕಟೆ ಹಂಚಲು ಕೊಟ್ಟ. ಅದಕ್ಕೆ ಮುನ್ನುಡಿ ಫ್ರಾಂಕ್ಲಿನ್ನನದು. ಅದರಲ್ಲಿ ಬಾಸ್ಟನ್ನಿಗೆ 1752ರಲ್ಲಿ ಮತ್ತೆ ಬಂದ ಸಿಡುಬಿನ ಲೆಕ್ಕ ಕೊಟ್ಟ. ತಾನಾಗಿ ಸಿಡುಬು ಬಂದವರು 5,500ಕ್ಕೂ ಹೆಚ್ಚು, ಸತ್ತವರು 514. ಗೀರು ಹಾಕಿಸಿಕೊಂಡವರು 2,100ಕ್ಕೂ ಹೆಚ್ಚು, ಸತ್ತವರು 30. ಹನ್ನೊಂದರಲ್ಲಿ ಒಂದಕ್ಕೆ ಎದುರಾಗಿ ಎಪ್ಪತ್ತರಲ್ಲಿ ಒಂದು.

ಲೆಕ್ಕ ಇಷ್ಟು ಸ್ಪಷ್ಟ ಇದ್ದರೂ ಜನ ಯಾಕೆ ಹಾಕಿಸುವುದಿಲ್ಲ? ಫ್ರಾಂಕ್ಲಿನ್ ಕಾರಣಗಳನ್ನು ಹುಡುಕುತ್ತಾನೆ. ದೇವರ ಇಚ್ಛೆಗೆ ಎದುರು ಹೋದಂತೆ ಅನ್ನೋ ಭಯ ಒಂದು. ವೈದ್ಯರ ಫೀಸು ಇನ್ನೊಂದು. ಮನೆ ತುಂಬ ಮಕ್ಕಳಿರೋ ಬಡವನಿಗೆ ಎಲ್ಲರಿಗೂ ಒಟ್ಟಿಗೆ ಹಾಕಿಸೋದು ಸಾಧ್ಯವಿಲ್ಲ. ಇವುಗಳ ಜೊತೆಗೆ ಅವನು ಮೆಲ್ಲಗೆ ಇಟ್ಟ ಇನ್ನೊಂದು ಕಾರಣ ಇದೆ. ಅಪ್ಪ ಅಮ್ಮಂದಿರಲ್ಲಿ ಒಬ್ಬರು, ಇಲ್ಲವೇ ಹತ್ತಿರದ ನೆಂಟರೊಬ್ಬರು ಬೇಡ ಅಂದರೆ, ಬೇಕು ಅನ್ನುವವರು ಸುಮ್ಮನಾಗಿಬಿಡುತ್ತಾರೆ. ಎಲ್ಲರೂ ಮನಸಾರೆ ಒಪ್ಪದೆ ಹಾಕಿಸಿ, ಏನಾದರೂ ಹೆಚ್ಚುಕಡಿಮೆ ಆದರೆ ಆ ದೂರು ಜೀವನಪೂರ್ತಿ ತನ್ನ ತಲೆಗೇ ಕಟ್ಟುತ್ತೆ ಅನ್ನೋ ಅಂಜಿಕೆ.

ಮನೆಯೊಳಗೆ ಕೂತು ನೋಡಿದವರು ಬರೆಯೋ ಮಾತು ಇದು. ಇತಿಹಾಸಕಾರ ಸ್ಟೀಫನ್ ಕಾಸ್, ಇದು ಫ್ರಾಂಕ್ಲಿನ್ ಮತ್ತು ಡೆಬೊರಾ ನಡುವೆಯೇ ನಡೆದಿರಬಹುದಾದ ಸಂಗತಿ ಅಂತ ಊಹಿಸಿದ್ದಾರೆ. ಫ್ರಾಂಕ್ಲಿನ್ ಮಾತ್ರ ಹೆಂಡತಿಯ ಹೆಸರೆತ್ತದೆ, ಯಾವುದೋ ಮನೆಯ ಯಾರೋ ಅಪ್ಪ ಅಮ್ಮನ ಮಾತು ಅನ್ನೋ ಹಾಗೆ ಬರೆದು ಮುಂದೆ ಹೋದ.

ಡೆಬೊರಾ ಬೇಡ ಅಂದಿದ್ದಳು ಅಂತಲೇ ಇಟ್ಟುಕೊಳ್ಳಿ. ಆಕೆಯನ್ನು ಮೂಢಳು ಅನ್ನೋ ಹಾಗಿಲ್ಲ. ಆಡಿಕೊಂಡಿರೋ ಮಗುವಿನ ತೋಳು ಕೊಯ್ದು, ಅದಕ್ಕೆ ಊರನ್ನೇ ಕೊಲ್ಲುತ್ತಿರೋ ಕಾಯಿಲೆಯ ಕೀವು ಇಡಬೇಕು. ನೂರಕ್ಕೆ ಒಂದೋ ಎರಡೋ ಮಕ್ಕಳು ಅದರಿಂದಲೇ ಸಾಯುತ್ತಿದ್ದದ್ದು ಸುಳ್ಳಲ್ಲ. ಪಟ್ಟಿಯಲ್ಲಿ ಅದು ಸಣ್ಣ ಅಂಕಿ. ತಾಯಿಯ ತೊಡೆಯ ಮೇಲೆ ಅದು ಒಂದು ಮಗು. ತಾನಾಗಿ ಸಿಡುಬು ಬಂದು ಹೋದರೆ ವಿಧಿ ಅಂತ ಅಳಬಹುದು. ಕೈಯಾರೆ ಹಾಕಿಸಿ ಹೋದರೆ ಯಾರ ಮುಖ ನೋಡೋದು?

ನಮ್ಮ ಲ್ಯಾಬಿನ ಭಾಷೆಯಲ್ಲಿ ಹೇಳೋದಾದ್ರೆ ಇದು ಆ್ಯಂಡ್ ಗೇಟು. ಹಾಕಿಸಬೇಕಾದರೆ ಅಪ್ಪನೂ ಒಂದು, ಅಮ್ಮನೂ ಒಂದು ಅನ್ನಬೇಕು. ಅಜ್ಜಿ ಇದ್ದರೆ ಅಜ್ಜಿಯೂ. ಯಾರೋ ಒಬ್ಬರು ಸೊನ್ನೆ ಅಂದರೆ ಸಾಕು, ಔಟ್‌ಪುಟ್ ಸೊನ್ನೆ. ಬೇಡ ಅನ್ನುವವರು ವಾದದಲ್ಲಿ ಗೆಲ್ಲಬೇಕಾಗೇ ಇಲ್ಲ, ಮಾತು ಮುಂದಕ್ಕೆ ಹಾಕುತ್ತಾ ಹೋದರೂ ಗೆದ್ದ ಹಾಗೇ. ಭೇದಿ ನಿಲ್ಲಲಿ, ಚಳಿಗಾಲ ಕಳೆಯಲಿ, ಇನ್ನೊಮ್ಮೆ ಯೋಚಿಸೋಣ. ಮನೆಯವರಿಗೆ ತಾವು ಇನ್ನೂ ಏನೂ ತೀರ್ಮಾನ ಮಾಡಿಲ್ಲ ಅನ್ನಿಸ್ತಾ ಇರುತ್ತೆ. ಸಿಡುಬಿನ ಮಟ್ಟಿಗೆ ತೀರ್ಮಾನ ಆಗಿ ಹೋಗಿರುತ್ತೆ.

ಫ್ರಾಂಕಿ ಹೋಗಿ ಏಳು ವರ್ಷದ ಮೇಲೆ, 1743ರಲ್ಲಿ ಅವರಿಗೆ ಸಾರಾ ಹುಟ್ಟಿದಳು. ಮನೆಯಲ್ಲಿ ಸ್ಯಾಲಿ. 1746ರಲ್ಲಿ, ಅವಳಿಗೆ ಇನ್ನೂ ಮೂರು ತುಂಬುವ ಮುಂಚೆಯೇ, ಇನಾಕ್ಯುಲೇಷನ್ ಆಯಿತು. ಈ ಸಲ ಅಣ್ಣನ ವಯಸ್ಸಿಗೆ ಬರೋವರೆಗೂ ಕಾಯಲಿಲ್ಲ. ಸ್ಯಾಲಿ ಬದುಕಿದಳು, ದೊಡ್ಡವಳಾದಳು, ಮಕ್ಕಳನ್ನು ಹೆತ್ತಳು, ಮುದಿ ಅಪ್ಪನನ್ನು ಕೊನೆಯವರೆಗೂ ನೋಡಿಕೊಂಡಳು.

ಆದರೂ ಮೊದಲ ಗಾಯ ಮಾಯಲಿಲ್ಲ. 1772ರಲ್ಲಿ, ಅರವತ್ತಾರನೇ ವಯಸ್ಸಿನಲ್ಲಿ, ತಂಗಿ ಜೇನ್‌ಗೆ ಬರೆದ ಕಾಗದದಲ್ಲಿ ಫ್ರಾಂಕಿ ಮತ್ತೆ ಬರುತ್ತಾನೆ. ಸ್ಯಾಲಿಯ ಪುಟ್ಟ ಮಗನ ವರ್ತಮಾನ ಕೇಳಿದಾಗಲೆಲ್ಲ ಅವನಿಗೆ ತನ್ನ ಮಗ ನೆನಪಾಗುತ್ತಿದ್ದ. ಮೂವತ್ತಾರು ವರ್ಷ ಕಳೆದರೂ ನಿಟ್ಟುಸಿರು ಬಿಡದೆ ಅವನನ್ನು ನೆನೆಯಲಾಗುತ್ತಿರಲಿಲ್ಲ. ಅಷ್ಟು ಹೊತ್ತಿಗೆ ಫ್ರಾಂಕ್ಲಿನ್ ಯೂರೋಪಿನ ತುಂಬ ಹೆಸರಾಗಿದ್ದ ವಿಜ್ಞಾನಿ.

1788ರಲ್ಲಿ, ಎಂಬತ್ತೆರಡು ತುಂಬಿದ ಮೇಲೆ, ಆತ್ಮಕಥೆಯ ಮೂರನೇ ಭಾಗ ಬರೆಯಲು ಕೂತ. ಮಗನ ಸಾವಿಗೆ ಅಲ್ಲಿ ಕೆಲವೇ ಸಾಲು. ಭೇದಿಯ ಮಾತಿಲ್ಲ, ಹೆಂಡತಿಯ ಮಾತಿಲ್ಲ, ನೆವವೇ ಇಲ್ಲ. ಹಾಕಿಸದೆ ಹೋದೆನಲ್ಲ ಅಂತ ಬಹಳ ಕಾಲ ಕೊರಗಿದೆ, ಈಗಲೂ ಕೊರಗುತ್ತೇನೆ ಅಂತ ಒಪ್ಪಿಕೊಂಡು, ಯಾಕೆ ಇದನ್ನು ಬರೆಯುತ್ತಿದ್ದೇನೆ ಅಂತಲೂ ಹೇಳುತ್ತಾನೆ. ಹಾಕಿಸಿ ಮಗು ಸತ್ತರೆ ತಮ್ಮನ್ನು ತಾವು ಕ್ಷಮಿಸಿಕೊಳ್ಳಲಾರೆವು ಅಂತ ಹಿಂಜರಿಯೋ ಅಪ್ಪ ಅಮ್ಮಂದಿರಿಗೋಸ್ಕರ. ಹಾಕಿಸದೆ ಸತ್ತರೂ ಕೊರಗು ಅಷ್ಟೇ ಇರುತ್ತೆ, ಅದಕ್ಕೆ ನಾನೇ ಸಾಕ್ಷಿ. ಎರಡು ಕಡೆಯೂ ಕೊರಗು ಒಂದೇ ಆದ ಮೇಲೆ, ಅಪಾಯ ಎಲ್ಲಿ ಕಡಿಮೆಯೋ ಆ ಕಡೆ ಹೋಗಿ. ಇದು ಅವನು ಕೊಟ್ಟ ಬುದ್ಧಿಮಾತಿನ ತಿರುಳು.

ಗಮನಿಸಿ, ಅವನು ಯಾರ ಭಯವನ್ನೂ ಗೇಲಿ ಮಾಡಲಿಲ್ಲ. ಸಮೀಕರಣದ ಎರಡೂ ಬದಿಯಲ್ಲಿ ಭಯವನ್ನು ಬರೆದ. ಎರಡೂ ಕಡೆ ಇರೋದರಿಂದ ಅದು ಹೊಡೆದುಹೋಗುತ್ತೆ, ಉಳಿಯೋದು ಲೆಕ್ಕ ಮಾತ್ರ. ಆ ಲೆಕ್ಕವನ್ನು ಅವನು 1736ಕ್ಕೂ ಮುಂಚೆಯೇ ಬಲ್ಲವನಾಗಿದ್ದ. ಮನೆಯೊಳಗಿನ ಭಯವನ್ನು ಹೇಗೆ ಲೆಕ್ಕಕ್ಕೆ ತರೋದು ಅನ್ನೋದು ತಿಳಿಯಲು ಮಗ ಹೋಗಬೇಕಾಯಿತು.

ಡೆಬೊರಾ 1774ರಲ್ಲಿ ತೀರಿಕೊಂಡಳು, ಗಂಡ ಆಗ ಲಂಡನ್ನಿನಲ್ಲಿದ್ದ. ಫ್ರಾಂಕ್ಲಿನ್ ತೀರಿಕೊಂಡದ್ದು 1790ರ ಏಪ್ರಿಲ್ 17ರಂದು. ಫಿಲಡೆಲ್ಫಿಯಾದ ಕ್ರೈಸ್ಟ್ ಚರ್ಚಿನ ಸ್ಮಶಾನದಲ್ಲಿ ಗಂಡ ಹೆಂಡತಿ ಒಂದೇ ಕಲ್ಲಿನ ಕೆಳಗೆ ಮಲಗಿದ್ದಾರೆ. ಪಕ್ಕದಲ್ಲೇ ಫ್ರಾಂಕಿಯ ಪುಟ್ಟ ಕಲ್ಲೂ ಇದೆ.

ಅವನು ಸತ್ತು ಆರು ವರ್ಷಕ್ಕೆ, 1796ರಲ್ಲಿ, ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನಿಂದ ಲಸಿಕೆ ಹಾಕಬಹುದು ಅಂತ ತೋರಿಸಿದ. ಅಲ್ಲಿಂದ ಮುಂದೆ ಮಗುವಿಗೆ ನಿಜವಾದ ಸಿಡುಬು ಹತ್ತಿಸೋ ಅಗತ್ಯವೇ ಉಳಿಯಲಿಲ್ಲ. ಅಪಾಯ ಎಷ್ಟೋ ಪಾಲು ಇಳಿಯಿತು. ಮನೆಯ ಜಗಳ ಮಾತ್ರ ನಿಲ್ಲಲಿಲ್ಲ, ಹೆಸರು ಬದಲಾಯಿಸಿಕೊಂಡು ಪ್ರತಿ ಹೊಸ ಲಸಿಕೆಯ ಜೊತೆಗೂ ಬರುತ್ತಾ ಇದೆ. ಭಾರತದಲ್ಲಿ ಕೊನೆಯ ಸಿಡುಬಿನ ರೋಗಿ ಕಂಡದ್ದು 1975ರಲ್ಲಿ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿನಿಂದಲೇ ಅದು ಹೋಯಿತು ಅಂತ ಸಾರಿತು.

ಸೆಮಿಸ್ಟರ್ ರಜೆಗೆ ಊರಿಗೆ ಹೋದಾಗ ಅಜ್ಜಿ ತಾತನ ತೋಳು ಒಮ್ಮೆ ನೋಡಿ. ನಾಣ್ಯದಗಲದ ಕಲೆ ಇದ್ದರೆ ಅದು ಬಹುತೇಕ ಸಿಡುಬಿನ ಲಸಿಕೆಯದೇ. ಹಾಕಿಸೋ ದಿನ ಮನೆಯಲ್ಲಿ ಯಾರು ಬೇಡ ಅಂದಿದ್ದರು, ಯಾರು ಹಠ ಹಿಡಿದು ಎತ್ತಿಕೊಂಡು ಹೋಗಿದ್ದರು ಅಂತ ಕೇಳಿ ನೋಡಿ. ಹೇಳೋದಕ್ಕೆ ಅವರ ಹತ್ತಿರ ಏನಾದರೂ ಇದ್ದೇ ಇರುತ್ತೆ.