ದೊಡ್ಡಸ್ವಾಮಿಯವರು: ಪೂಜ್ಯ ಅಬ್ಬೆ ದುಬಾಯ್

ಭಯದಿಂದ ಮಾಡಿದ್ದೂ ಪಾಪವೇ ಎಂದು ನಂಜನಗೂಡು, ತಿರುಮಕೂಡಲು ನರಸೀಪುರ ಸೀಮೆಯ ಜ್ಞಾನೋಪದೇಶದ ಮಕ್ಕಳು ಕೇಳುವುದುಂಟು. ಆಗ ನಾನು ಹೇಳುವುದು ಜನರು ದೊಡ್ಡಸ್ವಾಮಿಯವರೆಂದು ಕರೆದ ಅಬ್ಬೆ ದುಬಾಯ್ ಅವರ ಚರಿತ್ರೆಯನ್ನು.

ಫ್ರಾನ್ಸ್ ದೇಶದಲ್ಲಿ ಜನಿಸಿದ ಇವರು 1792ರಲ್ಲಿ ಗುರುದೀಕ್ಷೆ ಪಡೆದು ಅದೇ ವರ್ಷ ಭಾರತಕ್ಕೆ ಹೊರಟರು. ನಮ್ಮ ಕಪಿಲೆಗೆ ಬಹುದೂರವಲ್ಲದ ಶ್ರೀರಂಗಪಟ್ಟಣವು 1799ರಲ್ಲಿ ಪತನವಾಯಿತು. ಟಿಪ್ಪು ಸುಲ್ತಾನನು 1784ರಲ್ಲಿ ಕೆನರಾದಿಂದ ಸೆರೆತಂದ ಕ್ರೈಸ್ತರಲ್ಲಿ ಅನೇಕರು ಬಲಾತ್ಕಾರಕ್ಕೆ ಮಣಿದು ವಿಶ್ವಾಸವನ್ನು ತೊರೆದಿದ್ದರು. ಅವರು ಹಿಂದಿರುಗಿ ಬರಲು ದುಬಾಯ್ ಸ್ವಾಮಿಗಳು ಬಾಗಿಲು ಮುಚ್ಚಲಿಲ್ಲ. ಧರ್ಮಸಭೆಯೊಡನೆ ಅವರನ್ನು ಪುನಃ ಸೇರಿಸಿದರು. ಭಯವು ಅಪರಾಧವನ್ನು ಹಗುರಗೊಳಿಸೀತೇ ಹೊರತು ಪಶ್ಚಾತ್ತಾಪವನ್ನು ಬೇಡವಾಗಿಸದು. ಹಾಸನದ ಕಡೆ ಬೇಸಾಯದ ಊರುಗಳನ್ನೂ ನೆಲೆಗೊಳಿಸಿದರು. ಸಿಡುಬಿಗೆ ಲಸಿಕೆ ಹಾಕಿಸಿದರು.

ಆದರೆ 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತಮ್ಮ ಪತ್ರಗಳಲ್ಲಿ, ಆ ಸೆರೆಯಾಳುಗಳು ವಿಶ್ವಾಸಕ್ಕಾಗಿ ಪ್ರಾಣ ಕೊಡುವ ಧೈರ್ಯ ತೋರಲಿಲ್ಲವೆಂದು ನಿಷ್ಠುರವಾಗಿ ಬರೆದರು. ಪೂಜ್ಯರ ಆ ಮಾತು ನನಗೆ ಒಪ್ಪಿಗೆಯಾಗದು. ಸಾಯಲಂಜಿದವನು ಮರಳಿ ಬಂದು ಎಲ್ಲರೆದುರು ತಪ್ಪೊಪ್ಪಿಕೊಳ್ಳುವುದಕ್ಕೂ ಧೈರ್ಯ ಬೇಕು. ಸಂತ ಪೇತ್ರರು ಕಣ್ಣೀರಿಟ್ಟು ನಡೆದ ದಾರಿಯೂ ಅದೇ.

ಅದೇ ವರ್ಷ ಸ್ವದೇಶಕ್ಕೆ ತೆರಳಿದ ದೊಡ್ಡಸ್ವಾಮಿಯವರು 1848ರಲ್ಲಿ ಪ್ಯಾರಿಸಿನಲ್ಲಿ ಪ್ರಭುವಿನ ಸನ್ನಿಧಿಗೆ ಸೇರಿದರು.