ಯಂತ್ರಕ್ಕೆ ಮಾತು ಕಲಿಸಿದ ಗ್ರೇಸ್ ಹಾಪರ್

ಮಕ್ಕಳೇ, ನಿಮ್ಮ ಮನೆಯ ಹಿರಿಯರು ಹಾಸನ, ಹೊಳೆನರಸೀಪುರ, ಅರಕಲಗೂಡು ಅಥವಾ ಚನ್ನರಾಯಪಟ್ಟಣದ ತಾಲ್ಲೂಕು ಕಚೇರಿಯಿಂದ ಜಮೀನಿನ ಪಹಣಿ ತಂದದ್ದನ್ನು ನೋಡಿದ್ದೀರಾ? ಅದನ್ನು ಕನ್ನಡದಲ್ಲಿ ಅಚ್ಚು ಮಾಡಿಕೊಡುವುದು ಗಣಕಯಂತ್ರ. ಆದರೆ ಆ ಯಂತ್ರಕ್ಕೆ ತಿಳಿಯುವುದು 0 ಮತ್ತು 1 ಎಂಬ ಎರಡೇ ಗುರುತು! ಹಾಗಾದರೆ ಅದು ನಮ್ಮ ಮಾತಿನಂತೆ ಕೆಲಸ ಮಾಡುವುದು ಹೇಗೆ? ಈ ದಾರಿಯನ್ನು ತೆರೆದವರಲ್ಲಿ ಒಬ್ಬರು ಗ್ರೇಸ್ ಹಾಪರ್.

ಅವರು ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ. ಏಳು ವರ್ಷದವರಿದ್ದಾಗ ಗಡಿಯಾರದೊಳಗೆ ಏನಿದೆ ಎಂದು ತಿಳಿಯಲು ಮನೆಯ ಅಲಾರಾಂ ಗಡಿಯಾರಗಳನ್ನು ಒಂದಾದ ಮೇಲೊಂದರಂತೆ ಬಿಚ್ಚಿಟ್ಟರು. ತಾಯಿ ಬೈದು ಸುಮ್ಮನಾಗಲಿಲ್ಲ. ಬಿಚ್ಚಲು ಒಂದು ಗಡಿಯಾರವನ್ನು ಮಾತ್ರ ಬಿಟ್ಟುಕೊಟ್ಟರು. 1934ರಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದ ಗ್ರೇಸ್, ಕಾಲೇಜಿನಲ್ಲಿ ಗಣಿತ ಕಲಿಸಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಗೆ ಸೇರಿದರು. 1944ರಲ್ಲಿ ಅವರಿಗೆ ಸಿಕ್ಕ ಕೆಲಸ ‘ಮಾರ್ಕ್ 1’ ಎಂಬ ಗಣಕಯಂತ್ರದ್ದು. ಅದರ ಉದ್ದ ಸುಮಾರು 15 ಮೀಟರ್!

ಆಗ ಗಣಕಯಂತ್ರಕ್ಕೆ ಪ್ರತಿಯೊಂದು ಆದೇಶವನ್ನೂ ಸಂಕೇತಗಳಲ್ಲಿ ಬರೆಯಬೇಕಿತ್ತು. ಒಂದು ಗುರುತು ತಪ್ಪಿದರೂ ಉತ್ತರ ತಪ್ಪು. ಗ್ರೇಸ್ ಯೋಚಿಸಿದರು: ಪದೇ ಪದೇ ಬೇಕಾಗುವ ಆದೇಶಗಳನ್ನು ಯಂತ್ರವೇ ಹುಡುಕಿ ಜೋಡಿಸಿಕೊಳ್ಳಬಾರದೇಕೆ? 1952ರಲ್ಲಿ ಅವರು ಅಂಥ ತಂತ್ರಾಂಶವನ್ನು ಸಿದ್ಧಪಡಿಸಿದರು. ಅದಕ್ಕೆ ಕಂಪೈಲರ್ ಎಂದು ಹೆಸರು. ಗಣಕಯಂತ್ರ ಲೆಕ್ಕವನ್ನಷ್ಟೇ ಮಾಡಬಲ್ಲದು ಎಂದು ನಂಬಿದ್ದ ಬಹಳ ಜನ ಇದನ್ನು ಒಪ್ಪಲಿಲ್ಲ.

ಗ್ರೇಸ್ ಇನ್ನೊಂದು ಸಂಗತಿಯನ್ನೂ ಗಮನಿಸಿದ್ದರು. ಕಂಪನಿಗಳಲ್ಲಿ ಸಂಬಳ, ದಾಸ್ತಾನುಗಳ ಲೆಕ್ಕ ನೋಡುವವರು ಗಣಿತಜ್ಞರಲ್ಲ. ಅವರಿಗೆ ಸಂಕೇತ ಬೇಡ, ಮಾತು ಬೇಕು. ಜನ ಯಂತ್ರದ ಭಾಷೆ ಕಲಿಯುವ ಬದಲು ಯಂತ್ರವೇ ಜನರ ಮಾತಿಗೆ ಹೊಂದಿಕೊಳ್ಳಲಿ ಎಂದು, ಇಂಗ್ಲಿಷ್ ಪದಗಳಲ್ಲಿ ಆದೇಶ ಬರೆಯುವ ‘ಫ್ಲೋ-ಮ್ಯಾಟಿಕ್’ ಭಾಷೆಯನ್ನು ತಮ್ಮ ತಂಡದೊಡನೆ ರೂಪಿಸಿದರು. ಅದೇ ಕೆಲಸವನ್ನು ಫ್ರೆಂಚ್ ಮತ್ತು ಜರ್ಮನ್ ಪದಗಳಲ್ಲೂ ಮಾಡಿ ತೋರಿಸಿದಾಗ ಕಂಪನಿಯ ಅಧಿಕಾರಿಗಳು ಗಾಬರಿಯಾದರಂತೆ! ಯಂತ್ರಕ್ಕೆ ಎಲ್ಲ ಭಾಷೆಯ ಪದಗಳೂ ಬರಿಯ ಗುರುತುಗಳೇ ಎಂಬುದು ಅವರಿಗೆ ಹೊಳೆದಿರಲಿಲ್ಲ. 1959ರಲ್ಲಿ ರೂಪುಗೊಂಡ ‘ಕೊಬಾಲ್’ ಭಾಷೆಗೆ ಫ್ಲೋ-ಮ್ಯಾಟಿಕ್ ಬುನಾದಿಯಾಯಿತು. ಬ್ಯಾಂಕುಗಳಲ್ಲಿ, ಸರ್ಕಾರಿ ಕಚೇರಿಗಳಲ್ಲಿ ಕೊಬಾಲ್ ಬಹುಕಾಲ ದುಡಿದಿದೆ.

ಪಾಠ ಹೇಳುವಾಗ ಗ್ರೇಸ್ ಸುಮಾರು 30 ಸೆಂಟಿಮೀಟರ್ ಉದ್ದದ ತಂತಿಯ ತುಂಡು ಹಂಚುತ್ತಿದ್ದರು. ಸೆಕೆಂಡಿನ 100 ಕೋಟಿಯಲ್ಲಿ ಒಂದು ಭಾಗದಷ್ಟು ಸಮಯದಲ್ಲಿ ಬೆಳಕು ಕ್ರಮಿಸುವ ದೂರ ಅದು! ಅವರು 1986ರಲ್ಲಿ, 79ನೇ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಆಗಿ ನಿವೃತ್ತರಾದರು. 1992ರ ಜನವರಿ 1ರಂದು ತೀರಿಕೊಂಡರು.

ನಮ್ಮ ರಾಜ್ಯದ ‘ಭೂಮಿ’ ಯೋಜನೆಯನ್ನು ರೂಪಿಸಿದವರು ಬೇರೆ. ಆದರೆ ಬಳಸುವವರಿಗೆ ತಿಳಿಯುವಂತಿರಬೇಕು ಎಂಬ ವಿಚಾರ ಅಲ್ಲಿಯೂ ಇತ್ತು. ಗ್ರಾಮಲೆಕ್ಕಿಗರು ಕೈಯಲ್ಲಿ ಬರೆದಿಡುತ್ತಿದ್ದ ಪಹಣಿಗಳು ಗಣಕಯಂತ್ರಕ್ಕೆ ಸೇರಿದವು. ಕಿಟಕಿಯ ಬಳಿ ನಿಂತ ರೈತರೂ ನೋಡಲೆಂದು ಅವರತ್ತ ತಿರುಗಿಸಿದ ಇನ್ನೊಂದು ಪರದೆ ಇಟ್ಟರು. ತನ್ನ ಜಮೀನಿನ ವಿವರವನ್ನು ರೈತ ತಾನೇ ನೋಡುವಂತಾಯಿತು.

ಮಾಡಿ ನೋಡಿ: ಶಾಲೆಯ ಗ್ರಂಥಾಲಯದಿಂದ ಪುಸ್ತಕ ಪಡೆಯುವ ಕ್ರಮವನ್ನು ಬರೆಯಿರಿ. ನಿಮಗಿಂತ ಚಿಕ್ಕ ತರಗತಿಯವರಿಗೆ ಕೊಟ್ಟು, ಅದರಂತೆ ಮಾಡಲು ಹೇಳಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ತಿದ್ದಬೇಕಾದದ್ದು ಅವರನ್ನಲ್ಲ, ನಿಮ್ಮ ಬರಹವನ್ನು!